ಒಂದೇ ಬಾಹ್ಯಾಕಾಶಕ್ಕೆ ಎರಡು ದರವೇಕೆ?

ಪ್ರಶ್ನೆ: ಹಣ ಕೊಟ್ಟು ಬಾಹ್ಯಾಕಾಶಕ್ಕೆ ಹೋಗಿಬರಲು ಸುಮಾರು 4 ಕೋಟಿ ರೂಪಾಯಿ ಬೇಕೆಂದು ಒಂದೆಡೆ ಓದಿದೆ, ಇನ್ನೊಂದೆಡೆ 450 ಕೋಟಿಗೂ ಹೆಚ್ಚು ಎಂದಿತ್ತು. ಯಾವುದು ನಿಜ? ಭಾರತೀಯರೂ ಹೋಗಬಹುದೇ? ಪಿಯುಸಿ ಓದುತ್ತಿರುವ ಮಗಳು ಕೇಳಿದಾಗ ಉತ್ತರ ಹೊಳೆಯಲಿಲ್ಲ.
– ಓದುಗರು, ತಿಪಟೂರು

ಉತ್ತರ: ತಾವು ಓದಿದ ಎರಡು ಮೊತ್ತಗಳೂ ನಿಜವೇ, ಆದರೆ ಅವು ಎರಡು ಬೇರೆ ಬೇರೆ ಪ್ರಯಾಣಗಳ ದರಗಳು. ವರ್ಜಿನ್ ಗ್ಯಾಲಕ್ಟಿಕ್ ಸಂಸ್ಥೆ 2021ರ ಆಗಸ್ಟ್‌ನಲ್ಲಿ ಒಂದು ಆಸನಕ್ಕೆ 4,50,000 ಡಾಲರ್ ನಿಗದಿ ಮಾಡಿತು. ಡಾಲರಿಗೆ 85 ರೂಪಾಯಿಯಂತೆ ಲೆಕ್ಕ ಹಿಡಿದರೆ ಇದು 3.8 ಕೋಟಿಯಾಗುತ್ತದೆ. ಇದು ಮೇಲೇರಿ ಹಾಗೆಯೇ ಕೆಳಗಿಳಿಯುವ ಪ್ರಯಾಣ. ಬ್ಲೂ ಒರಿಜಿನ್ ಸಂಸ್ಥೆಯ ನ್ಯೂ ಶೆಪರ್ಡ್ ನೌಕೆಯ ಹಾರಾಟವೂ ಇದೇ ಬಗೆಯದು. ಅದು 100 ಕಿಲೋಮೀಟರ್ ಎತ್ತರ ದಾಟಿ ಸುಮಾರು 10 ನಿಮಿಷಗಳಲ್ಲಿ ನೆಲ ಮುಟ್ಟುತ್ತದೆ, ತೂಕವಿಲ್ಲದೆ ತೇಲುವ ಅನುಭವ ಮೂರು ನಾಲ್ಕು ನಿಮಿಷ ಮಾತ್ರ.

ಇನ್ನೊಂದು, ಭೂಮಿಯನ್ನು ಸುತ್ತುತ್ತ ದಿನಗಟ್ಟಲೆ ಮೇಲೆಯೇ ಇರುವ ಪ್ರಯಾಣ. ಅಮೆರಿಕದ ಉದ್ಯಮಿ ಡೆನಿಸ್ ಟಿಟೊ 2001ರ ಏಪ್ರಿಲ್ 28ರಂದು ರಷ್ಯಾದ ಸೋಯುಜ್ ನೌಕೆ ಏರಿ, ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಸ್ವಂತ ಖರ್ಚಿನಲ್ಲಿ ಹೋದ ಮೊದಲಿಗರಾದರು. ಅವರು ತೆತ್ತದ್ದು ಸುಮಾರು 2 ಕೋಟಿ ಡಾಲರ್. 2022ರಲ್ಲಿ ಆಕ್ಸಿಯಮ್ ಸ್ಪೇಸ್ ಮೂಲಕ ಅಲ್ಲಿಗೇ ಹೋದ ಮೂವರು ಪ್ರಯಾಣಿಕರಿಗೆ ತಲಾ ಸುಮಾರು 5.5 ಕೋಟಿ ಡಾಲರ್, ಅಂದರೆ 467 ಕೋಟಿ ರೂಪಾಯಿ ತಗುಲಿತು.

ನಿಲ್ದಾಣವಿರುವ ಎತ್ತರ ಸುಮಾರು 400 ಕಿಲೋಮೀಟರ್. ಎತ್ತರ ನಾಲ್ಕು ಪಟ್ಟಾದರೆ ದರ ನೂರು ಪಟ್ಟಿಗೂ ಮಿಗಿಲಾಗುವುದೇಕೆ ಎಂದು ತಮ್ಮ ಮಗಳು ಖಂಡಿತ ಕೇಳುತ್ತಾಳೆ, ಕೇಳಲೇಬೇಕು. ಇಲ್ಲಿ ಬೆಲೆ ಎತ್ತರದ್ದಲ್ಲ, ವೇಗದ್ದು. ಮೇಲಕ್ಕೆ ಎಸೆದ ಕಲ್ಲು ಎಷ್ಟು ಎತ್ತರಕ್ಕೆ ಹೋದರೂ ಹಿಂದಿರುಗಿ ಬೀಳುತ್ತದೆ; ಅದು ಬೀಳದೆ ಭೂಮಿಯನ್ನು ಸುತ್ತಬೇಕಾದರೆ ಅಡ್ಡಲಾಗಿ ಸೆಕೆಂಡಿಗೆ ಸುಮಾರು 7.7 ಕಿಲೋಮೀಟರ್ ವೇಗದಲ್ಲಿ ಸಾಗುತ್ತಿರಬೇಕು. ಇದಕ್ಕೆ ಮೇಲೇರಿ ಇಳಿಯುವ ಪ್ರಯಾಣಕ್ಕೆ ಹೋಲಿಸಿದರೆ ಪ್ರತಿ ಕಿಲೋಗ್ರಾಂ ತೂಕಕ್ಕೂ ಮೂವತ್ತು ಪಟ್ಟಿಗಿಂತ ಹೆಚ್ಚು ಶಕ್ತಿ ಬೇಕಾಗುವುದರಿಂದ ಸುಮಾರು 550 ಟನ್ನಿನ ಫಾಲ್ಕನ್ 9ರಂಥ ರಾಕೆಟ್ಟೇ ಬೇಕು, ಮತ್ತು ಮರಳುವಾಗ ಅಷ್ಟೂ ಶಕ್ತಿಯನ್ನು ಶಾಖವಾಗಿ ಕಳೆದುಕೊಳ್ಳಬೇಕಾದ್ದರಿಂದ ನೌಕೆಗೆ ಬಲವಾದ ಶಾಖಕವಚವೂ ಬೇಕು. ಆ ರಾಕೆಟ್ಟಿನ ಕೆಳಹಂತವನ್ನು ಮತ್ತೆ ಬಳಸಲಾಗುತ್ತದೆಯಾದರೂ ಮೇಲ್ಹಂತ ಪ್ರತಿ ಸಲವೂ ಹೊಸದೇ. ದರ ಬೇಗನೆ ಇಳಿಯುತ್ತದೆಂಬ ಮಾತನ್ನು ಈ ಕಾರಣದಿಂದ ನಾನು ಸುಲಭಕ್ಕೆ ಒಪ್ಪಲಾರೆ. ಟಿಟೊ ಕೊಟ್ಟದ್ದಕ್ಕಿಂತ ಇಂದಿನ ದರ ಹೆಚ್ಚೇ ಇದೆ.

ತಲುಪಿದ ಮೇಲೆ ವಾಸದ ಖರ್ಚು ಪ್ರತ್ಯೇಕ. ನಾಸಾ 2019ರಲ್ಲಿ ಪ್ರಕಟಿಸಿದ ದರಪಟ್ಟಿಯಂತೆ ಗಾಳಿ ಮತ್ತು ನೀರಿನ ಮರುಬಳಕೆ ವ್ಯವಸ್ಥೆ ಹಾಗೂ ಶೌಚಾಲಯದ ಬಾಬ್ತು ಒಬ್ಬರಿಗೆ ದಿನಕ್ಕೆ 11,250 ಡಾಲರ್, ಆಹಾರ ಮೊದಲಾದ ಸಾಮಗ್ರಿಗೆ 22,500 ಡಾಲರ್. ಒಂದು ಯೂನಿಟ್ ವಿದ್ಯುತ್ತಿಗೆ 42 ಡಾಲರ್, ಎಂದರೆ 3,570 ರೂಪಾಯಿ. ಈ ದರಗಳು ಆಮೇಲೆ ಪರಿಷ್ಕೃತವಾದವು.

ಭಾರತೀಯರಿಗೆ ಅಡ್ಡಿಯೇನೂ ಇಲ್ಲ. 2024ರ ಮೇ 19ರಂದು ಗೋಪಿ ತೋಟಕೂರ ಅವರು ನ್ಯೂ ಶೆಪರ್ಡ್‌ನಲ್ಲಿ ಹೋಗಿಬಂದಿದ್ದಾರೆ. ಆದರೆ ಭಾರತದಲ್ಲಿ ನೆಲೆಸಿರುವವರು ರಿಸರ್ವ್ ಬ್ಯಾಂಕಿನ ಉದಾರೀಕೃತ ರವಾನೆ ಯೋಜನೆಯಡಿ ಒಂದು ಹಣಕಾಸು ವರ್ಷದಲ್ಲಿ ವಿದೇಶಕ್ಕೆ ಕಳುಹಿಸಬಹುದಾದ ಮಿತಿ 2,50,000 ಡಾಲರ್ ಎಂಬುದನ್ನು ನೆನಪಿಡಬೇಕು.

2025ರ ಜೂನ್‌ನಲ್ಲಿ ನಿಲ್ದಾಣಕ್ಕೆ ಹೋದ ಶುಭಾಂಶು ಶುಕ್ಲಾ ಅವರನ್ನು ಪ್ರವಾಸಿಗರ ಸಾಲಿಗೆ ಸೇರಿಸಬಾರದು. ಅವರು ವಾಯುಪಡೆಯ ಪೈಲಟ್, ಇಸ್ರೋದ ಗಗನಯಾತ್ರಿ. ಅವರ ಪ್ರಯಾಣದ ವೆಚ್ಚವನ್ನು ಭರಿಸಿದ್ದು ಭಾರತ ಸರ್ಕಾರ. ಅವರು ಎಂ.ಟೆಕ್ ಓದಿದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಂಬುದನ್ನು ತಮ್ಮ ಮಗಳಿಗೆ ಅವಶ್ಯವಾಗಿ ತಿಳಿಸಿ.