ಚಿಗುರು ಬಂತು, ಬೇರು ಬರಲಿಲ್ಲ: ಕಡ್ಡಿ ನೆಡುವವರ ಪ್ರಶ್ನೆಗಳು

ಮುಂಗಾರು ಶುರುವಾಯಿತೆಂದರೆ ಕಾಂಪೌಂಡಿನ ಆಚೆಈಚೆ ಗಿಡದ ಕಡ್ಡಿಗಳ ಕೊಡುಕೊಳ್ಳುವಿಕೆಯೂ ಶುರು. ಈ ಸಲ ಬಂದ ಪತ್ರಗಳಲ್ಲಿ ಬಹುಪಾಲು ಕೇಳಿರುವುದು ಒಂದೇ: ತಂದು ಊರಿದ ಕಡ್ಡಿ ಯಾಕೆ ಹಿಡಿಯುವುದಿಲ್ಲ? ಆಯ್ದ ಕೆಲವಕ್ಕೆ ಇಲ್ಲಿ ಉತ್ತರಿಸಿದ್ದೇನೆ.

ತವರಿನಿಂದ ಹಳದಿ ದಾಸವಾಳದ ಕಡ್ಡಿ ತಂದು ಕುಂಡದಲ್ಲಿ ಊರಿದ್ದೆ. ಎರಡೇ ವಾರಕ್ಕೆ ಚಿಗುರಿ ನಾಲ್ಕೈದು ಎಲೆಯೂ ಬಂತು. ಖುಷಿಯಾಗಿ ಬಿಸಿಲಿಗೆ ಇಟ್ಟೆ, ದಿನಾ ನೀರು ಹಾಕಿದೆ. ಆಮೇಲೆ ನೋಡನೋಡುತ್ತಿದ್ದಂತೆ ಬಾಡಿ ಒಣಗಿತು. ಏನು ತಪ್ಪಾಯಿತು ಸರ್?
(ಓದುಗರೊಬ್ಬರು, ಹಾಸನ)

ಚಿಗುರು ಕಂಡ ಕೂಡಲೇ ಬೇರು ಬಂದಿದೆ ಎಂದುಕೊಂಡಿರಿ. ಎಲ್ಲರೂ ಎಡವುವುದು ಅಲ್ಲೇ. ಕಡ್ಡಿಯೊಳಗೆ ಪಿಷ್ಟದ ರೂಪದಲ್ಲಿ ಒಂದಿಷ್ಟು ಆಹಾರ, ಜತೆಗೆ ಒಂದಿಷ್ಟು ನೀರು ಮೊದಲೇ ಇರುತ್ತದೆ. ಗೆಣ್ಣಿನ ಮೊಗ್ಗುಗಳು ಅದನ್ನೇ ಉಂಡು ಎಲೆ ಬಿಡುತ್ತವೆ. ಅಷ್ಟಕ್ಕೆ ಬೇರು ಬೇಕಿಲ್ಲ. ಹೊಸ ಕೆಲಸದ ಮೊದಲ ಸಂಬಳ ಕೈಗೆ ಬರುವ ಮೊದಲೇ ಕೂಡಿಟ್ಟ ದುಡ್ಡೆಲ್ಲ ಖರ್ಚು ಮಾಡಿದ ಹಾಗೆ ಇದು. ಎಲೆ ಹೆಚ್ಚಿದಷ್ಟೂ ನೀರು ಆವಿಯಾಗುವುದು ಹೆಚ್ಚುತ್ತದೆ, ಕೆಳಗಿನಿಂದ ಎಳೆದುಕೊಡುವ ಬೇರು ಮಾತ್ರ ಇರುವುದಿಲ್ಲ. ಅಂಥ ಹೊತ್ತಿನಲ್ಲಿ ಬಿಸಿಲಿಗಿಟ್ಟರೆ ಉಳಿಯುವುದು ಕಷ್ಟ.

ಒಣಗಿದ ಕಡ್ಡಿಯನ್ನು ಎಸೆಯುವ ಮೊದಲು ಕಿತ್ತು ನೋಡಿ, ಅದೇ ಹೇಳುತ್ತದೆ. ತೊಗಟೆಯನ್ನು ಉಗುರಿನಿಂದ ಕೆರೆದಾಗ ಒಳಗೆ ಹಸಿರಿದ್ದರೆ ಇನ್ನೂ ಜೀವವಿದೆ. ಬುಡ ಕಪ್ಪಾಗಿ ತೊಗಟೆ ಬೆರಳಿಗೆ ಜಾರಿಬಂದರೆ, ಮೂಸಿದರೆ ಹುಳಿ ವಾಸನೆ ಬಂದರೆ, ಅದು ಕೊಳೆತಿದೆ. ನೀರು ಹೆಚ್ಚಾಗಿ ಬುಡಕ್ಕೆ ಗಾಳಿ ಸಿಗಲಿಲ್ಲ ಎಂದರ್ಥ. ಬುಡ ಗಟ್ಟಿಯಾಗೇ ಇದ್ದು ತುದಿಯಿಂದ ಕೆಳಕ್ಕೆ ಕಂದಾಗಿ ಒಣಗಿದ್ದರೆ ಸತ್ತದ್ದು ಬಾಯಾರಿ. ಬುಡದಲ್ಲಿ ಬಿಳಿಯ, ತರಿತರಿಯಾದ ಗಂಟು ಕಂಡರೆ ಅದು ಗಾಯ ಮಾಯ್ದ ಗುರುತು, ಬೇರಲ್ಲ. ಆದರೆ ಅಲ್ಲಿವರೆಗೆ ಬಂದದ್ದು ಇನ್ನೆರಡು ವಾರ ಬದುಕಿದ್ದರೆ ಬೇರು ಬಿಡುವ ಸಾಧ್ಯತೆ ಇತ್ತು.

ಕಡ್ಡಿ ಸಾಯುವುದು ಬೇರಿಗೆ ಬೇಕಾದ ಯಾವುದೋ ಮದ್ದು ಹಾಕಲಿಲ್ಲ ಎಂದಲ್ಲ. ಬೇರು ಬರುವಷ್ಟು ದಿನ ಅದು ಒಣಗದೆ, ಕೊಳೆಯದೆ ಉಳಿಯಲಿಲ್ಲ, ಅಷ್ಟೇ. ದಾಸವಾಳಕ್ಕೆ ನಾಲ್ಕರಿಂದ ಆರು ವಾರ ಬೇಕು. ಅಷ್ಟು ದಿನ ಕಾಯಬಲ್ಲ ವ್ಯವಸ್ಥೆ ಮಾಡುವುದೇ ನಿಮ್ಮ ಕೆಲಸ.

ಬೆಳಿಗ್ಗೆ, ಗಿಡದಲ್ಲಿ ನೀರಿನಂಶ ತುಂಬಿರುವಾಗ ಕಡ್ಡಿ ತೆಗೆಯಿರಿ. ಎಳೆಯ ಹಸಿರು ತುದಿ ಬೇಡ, ಹಳೆಯ ಬೂದು ಕಟ್ಟಿಗೆಯೂ ಬೇಡ. ಎರಡರ ನಡುವಿನ, ಪೆನ್ಸಿಲ್ ದಪ್ಪದ, ಮೂರ್ನಾಲ್ಕು ಗೆಣ್ಣಿರುವ ಐದಾರು ಇಂಚಿನ ತುಂಡು ಸಾಕು. ಕೆಳಗಿನ ಗೆಣ್ಣಿಗೆ ಸ್ವಲ್ಪವೇ ಕೆಳಗೆ ಹರಿತವಾದ ಬ್ಲೇಡಿನಿಂದ ಕತ್ತರಿಸಿ. ಮೊಂಡು ಕತ್ತರಿ ತೊಗಟೆಯನ್ನು ಜಜ್ಜುತ್ತದೆ, ಜಜ್ಜಿದ ಜಾಗ ಮೊದಲು ಕೊಳೆಯುತ್ತದೆ. ಮೊಗ್ಗು, ಹೂವು ಇದ್ದರೆ ಮರುಗದೆ ಚಿವುಟಿ ಹಾಕಿ. ಮೇಲಿನ ಎರಡು ಎಲೆ ಉಳಿಸಿ ಅವನ್ನೂ ಅರ್ಧಕ್ಕೆ ಕತ್ತರಿಸಿ. ಪೂರ್ತಿ ಬೋಳಿಸಬೇಡಿ, ಎಲೆ ಮತ್ತು ಚಿಗುರುಗಳಲ್ಲಿ ತಯಾರಾಗುವ ಆಕ್ಸಿನ್ ಎಂಬ ಹಾರ್ಮೋನು ಕೆಳಗಿಳಿದು ಬುಡದಲ್ಲಿ ಸೇರಿದಾಗಲೇ ಬೇರು ಮೂಡುವುದು. ಆಕ್ಸಿನ್ ಹರಿಯುವುದು ತುದಿಯಿಂದ ಬುಡದ ಕಡೆಗೆ. ತಲೆಕೆಳಗಾಗಿ ನೆಟ್ಟ ಕಡ್ಡಿ ಹಿಡಿಯುವುದು ಅಪರೂಪವಾಗಿರುವುದು ಅದಕ್ಕೇ. ಬುಡವನ್ನು ಓರೆಯಾಗಿ, ತುದಿಯನ್ನು ನೇರವಾಗಿ ಕತ್ತರಿಸುವ ಹಳೆಯ ರೂಢಿಯಿಂದ ಆಗುವ ದೊಡ್ಡ ಉಪಕಾರವೆಂದರೆ ಯಾವುದು ಕೆಳಗೆ ಎಂಬುದು ಮರೆತುಹೋಗುವುದಿಲ್ಲ.

ತೋಟದ ಮಣ್ಣು, ಗೊಬ್ಬರ ಎರಡೂ ಈಗ ಬೇಡ. ದಪ್ಪ ಮರಳು ಅರ್ಧ, ತೊಳೆದ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಅರ್ಧ ಬೆರೆಸಿ. ಕೋಕೋಪೀಟನ್ನು ಎರಡು ಸಲ ನೀರಲ್ಲಿ ನೆನೆಸಿ ಹಿಂಡಿದರೆ ಅದರ ಉಪ್ಪಿನಂಶ ಹೋಗುತ್ತದೆ. ಹಿಡಿಯಲ್ಲಿ ಹಿಂಡಿದಾಗ ಒಂದೆರಡು ಹನಿ ಬಿದ್ದರೆ ಹದ ಸರಿಯಿದೆ. ತೂತು ಮಾಡಿದ ಪಾರದರ್ಶಕ ಪ್ಲಾಸ್ಟಿಕ್ ಲೋಟದಲ್ಲಿ ನೆಡುವುದು ನನಗಿಷ್ಟ, ಬೇರು ಗೋಡೆಗೆ ತಾಗಿದಾಗ ಹೊರಗಿನಿಂದಲೇ ಕಾಣುತ್ತದೆ. ಇಲ್ಲದಿದ್ದರೆ ಬೇರು ಬಂತೇ ಎಂದು ಎರಡು ದಿನಕ್ಕೊಮ್ಮೆ ಕಿತ್ತು ನೋಡುವವರೇ ಹೆಚ್ಚು! ಎರಡು ಗೆಣ್ಣು ಒಳಗೆ ಹೋಗುವಂತೆ ಊರಿ, ಅದುಮಿ, ಒಮ್ಮೆ ನೀರು ಕೊಟ್ಟು, ಬುಡ ಕತ್ತರಿಸಿದ ಐದು ಲೀಟರಿನ ನೀರಿನ ಬಾಟಲಿಯನ್ನು ಮೇಲೆ ಕವುಚಿ. ಒಳಗಿನ ಗಾಳಿ ತೇವವಾಗಿದ್ದರೆ ಎಲೆ ಬಾಡುವುದಿಲ್ಲ, ದಿನಾ ನೀರು ಹಾಕುವ ಅಗತ್ಯವೂ ಬೀಳುವುದಿಲ್ಲ. ಬೆಳಕು ಚೆನ್ನಾಗಿರುವ ನೆರಳಲ್ಲಿ ಇಡಿ, ನೇರ ಬಿಸಿಲಿಗಿಟ್ಟರೆ ಬಾಟಲಿಯೊಳಗೆ ಬೆಂದುಹೋಗುತ್ತದೆ. ಬೇರು ಕಂಡ ಮೇಲೆ ಮುಚ್ಚಳವನ್ನು ಮಾತ್ರ ತೆಗೆಯಿರಿ, ಕೆಲವು ದಿನ ಬಿಟ್ಟು ಬಾಟಲಿಯನ್ನೇ ತೆಗೆಯಿರಿ. ಒಂದೇ ಏಟಿಗೆ ಹೊರಗಿನ ಗಾಳಿಗೆ ಒಡ್ಡಿದರೆ ಬೇರಿದ್ದ ಗಿಡವೂ ಸೋಲುತ್ತದೆ.

ಗುಲಾಬಿ ಕಡ್ಡಿಯನ್ನು ಆಲೂಗಡ್ಡೆಗೆ ಚುಚ್ಚಿ ನೆಟ್ಟರೆ ಬೇರು ಬರುತ್ತದೆ ಎಂದು ವಿಡಿಯೊದಲ್ಲಿ ನೋಡಿದೆ. ಜೇನುತುಪ್ಪ, ಲೋಳೆಸರ, ದಾಲ್ಚಿನ್ನಿ ಪುಡಿ ಎಲ್ಲ ಹೇಳುತ್ತಾರೆ. ಮದುವೆ ಹಾರದ ಗುಲಾಬಿಯಲ್ಲೂ ಪ್ರಯತ್ನಿಸಿದೆ, ಆಗಲಿಲ್ಲ. ಯಾವುದು ನಿಜ?
(ಓದುಗರೊಬ್ಬರು, ಕಲಬುರಗಿ)

ಆಲೂಗಡ್ಡೆಯನ್ನು ಪಲ್ಯಕ್ಕೆ ಬಳಸಿ. ಮಣ್ಣಿನಲ್ಲಿ ಅದು ಒಂದೋ ಕೊಳೆತು ಕಡ್ಡಿಯನ್ನೂ ಕೊಳೆಸುತ್ತದೆ, ಇಲ್ಲವೇ ತಾನೇ ಮೊಳೆಯುತ್ತದೆ. ದಾಲ್ಚಿನ್ನಿ ಪುಡಿಗೆ ಬೂಸ್ಟು ತಡೆಯುವ ಗುಣ ಸ್ವಲ್ಪ ಇದೆ, ಜೇನಿಗೂ ಅಷ್ಟೇ. ಬೇರು ಬರಿಸುವ ಶಕ್ತಿ ಇದೆ ಎಂದು ನಂಬಿ ಕೂರಬೇಡಿ. ಬೇರಿಗೆ ನಿಜಕ್ಕೂ ಸಹಾಯ ಮಾಡುವುದು ಐಬಿಎ, ಅಂದರೆ ಇಂಡೋಲ್ ಬ್ಯುಟಿರಿಕ್ ಆಮ್ಲ ಇರುವ ಪುಡಿ. ಇದು ಆಕ್ಸಿನ್ ಜಾತಿಯದೇ. ಗೊಬ್ಬರ, ಬೀಜ ಮಾರುವ ಅಂಗಡಿಯಲ್ಲಿ ಸಿಗುತ್ತದೆ. ಗುಲಾಬಿ, ದಾಸವಾಳದಂಥ ಕಡ್ಡಿಗಳಿಗೆ 1000ದಿಂದ 3000 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ ಇಷ್ಟು ಭಾಗ ಎಂಬ ಅಳತೆ) ಸಾಮಾನ್ಯ. ಹೆಚ್ಚು ಹಚ್ಚಿದರೆ ಬೇಗ ಬರುತ್ತದೆ ಎಂಬುದು ತಪ್ಪು, ಬುಡ ಸುಟ್ಟು ಕಪ್ಪಾಗುತ್ತದೆ. ಒದ್ದೆ ಬುಡವನ್ನು ಪುಡಿಗೆ ಅದ್ದಿ, ತಟ್ಟಿ ಉದುರಿಸಿ, ಮೊದಲೇ ಕಡ್ಡಿಯಿಂದ ಮಾಡಿಟ್ಟ ತೂತಿಗೆ ಇಳಿಸಿ. ನೇರವಾಗಿ ಚುಚ್ಚಿದರೆ ಪುಡಿಯೆಲ್ಲ ಮೇಲೇ ಉಜ್ಜಿಹೋಗುತ್ತದೆ. ಚಿಕ್ಕ ಡಬ್ಬಿಯನ್ನೇ ಕೊಳ್ಳಿ, ಬಿಸಿ ಮತ್ತು ಬೆಳಕಿಗೆ ಅದರ ಸತ್ವ ಹೋಗುತ್ತದೆ.

ಹಾರದ ಗುಲಾಬಿ, ಬೊಕೆಯ ಗುಲಾಬಿ ಬಿಟ್ಟುಬಿಡಿ. ತೋಟದಿಂದ ತಂಪುಪೆಟ್ಟಿಗೆ, ಅಲ್ಲಿಂದ ಅಂಗಡಿ ಅಂತ ಅಲೆದು ಬರುವಷ್ಟರಲ್ಲಿ ಆ ಕಾಂಡದ ಶಕ್ತಿ ಮುಗಿದಿರುತ್ತದೆ. ಅಲ್ಲದೆ ಅಂಥ ಹೈಬ್ರಿಡ್ ತಳಿಗಳನ್ನು ನರ್ಸರಿಯವರು ಗಟ್ಟಿ ಬೇರಿನ ಬೇರೊಂದು ಗುಲಾಬಿಗೆ ಕಣ್ಣು ಕಸಿ ಮಾಡಿ ಬೆಳೆಸುವುದೇ ಹೆಚ್ಚು. ಸ್ವಂತ ಬೇರಿನಲ್ಲಿ ನಿಂತರೂ ಎಷ್ಟೋ ಹೈಬ್ರಿಡ್‌ಗಳು ಸೊರಗಿಯೇ ಇರುತ್ತವೆ. ಪರಿಚಯದವರ ಮನೆಯಲ್ಲಿ ಎಡ್ವರ್ಡ್ ಗುಲಾಬಿಯೋ ಪನ್ನೀರು ಗುಲಾಬಿಯೋ ಇದ್ದರೆ ಹೂ ಮುಗಿದ ಟೊಂಗೆ ಕೇಳಿ ತನ್ನಿ. ನಿಮ್ಮಲ್ಲಿ ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ. ಏಪ್ರಿಲ್, ಮೇನಲ್ಲಿ ಈ ಸಾಹಸ ಬೇಡ. ಮಳೆ ಹಿಡಿದ ಮೇಲೆ ಅಥವಾ ಸೆಪ್ಟೆಂಬರ್ ಹೊತ್ತಿಗೆ ಮಾಡಿ.

ನಾವು ಫ್ಲ್ಯಾಟಿನವರು. ಮನಿಪ್ಲಾಂಟ್, ತುಳಸಿ, ದೊಡ್ಡಪತ್ರೆ ಎಲ್ಲವನ್ನೂ ನೀರಿನ ಬಾಟಲಿಯಲ್ಲೇ ಇಡುತ್ತೇನೆ. ಬೇರು ಉದ್ದುದ್ದ ಬರುತ್ತದೆ, ಕುಂಡಕ್ಕೆ ಹಾಕಿದರೆ ಬಾಡುತ್ತದೆ.
(ಓದುಗರೊಬ್ಬರು, ಬೆಂಗಳೂರು)

ಉದ್ದುದ್ದ ಬರಲು ಬಿಟ್ಟದ್ದೇ ಕಾರಣ. ನೀರಿನಲ್ಲಿ ಹುಟ್ಟಿದ ಬೇರು ಮಣ್ಣಿನ ಬೇರಿನಂತಲ್ಲ, ಅದರಲ್ಲಿ ಸಣ್ಣ ರೋಮಬೇರುಗಳು ಕಡಿಮೆ. ಮಣ್ಣಿಗೆ ಹೋದ ಮೇಲೆ ಅದು ಹೊಸದಾಗಿ ಕವಲೊಡೆಯಬೇಕು. ಒಂದರಿಂದ ಒಂದೂವರೆ ಇಂಚು ಬಂದ ಕೂಡಲೇ ಕುಂಡಕ್ಕೆ ಹಾಕಿ, ಮೊದಲ ಹತ್ತು ಹದಿನೈದು ದಿನ ಮಣ್ಣನ್ನು ಮಾಮೂಲಿಗಿಂತ ತೇವವಾಗಿಟ್ಟು ನೆರಳಲ್ಲಿಡಿ. ನೀರಲ್ಲಿರುವಾಗ ಎರಡು ಮೂರು ದಿನಕ್ಕೊಮ್ಮೆ ನೀರು ಬದಲಿಸಿ, ಎಲೆ ಮುಳುಗದಿರಲಿ.

ಮನಿಪ್ಲಾಂಟಿಗೆ ಗೆಣ್ಣು ಕಡ್ಡಾಯ. ಬರೀ ಎಲೆ ತೊಟ್ಟು ಇಟ್ಟರೆ ಬೇರು ಬಂದರೂ ಬರಬಹುದು, ಬಳ್ಳಿ ಮಾತ್ರ ಹುಟ್ಟುವುದಿಲ್ಲ. ತುಳಸಿಗೆ ತೆನೆ ಬಿಡದ ನಾಲ್ಕಿಂಚಿನ ತುದಿ ಒಳ್ಳೆಯದು. ದೊಡ್ಡಪತ್ರೆಗೆ ಈ ಉಪಚಾರವೆಲ್ಲ ಯಾಕೆ? ನೇರ ಮಣ್ಣಿಗೆ ಚುಚ್ಚಿ, ಬರುತ್ತದೆ. ನಮ್ಮಲ್ಲಿ ರಾತ್ರಿ ಅರಳುವ ಬ್ರಹ್ಮಕಮಲ ಎಂದು ಬೆಳೆಸುವ ಗಿಡಕ್ಕೆ ನೀರಿನ ಬಾಟಲಿ ಬೇಡವೇ ಬೇಡ. ಅದು ಕಳ್ಳಿಯ ಜಾತಿ. ಕತ್ತರಿಸಿದ ಗಾಯ ಎರಡು ಮೂರು ದಿನ ನೆರಳಲ್ಲಿ ಒಣಗಿದ ಮೇಲೆ ನೆಡಿ. ಕಣಗಿಲೆ ಕಡ್ಡಿಯನ್ನು ನೀರಲ್ಲಿಟ್ಟರೆ ಮಕ್ಕಳ, ಸಾಕುಪ್ರಾಣಿಗಳ ಕೈಗೆಟುಕದಂತಿಡಿ. ಆ ನೀರೂ ವಿಷವೇ.

ಕುಂಡದಲ್ಲಿ ಕರಿಮೆಣಸು ಬೆಳೆಸಬಹುದಂತೆ. ತೋಟದ ಬಳ್ಳಿಯ ತುಂಡು ನೆಟ್ಟೆ, ಹಿಡಿಯಿತು, ಆದರೆ ಮೇಲೆ ಮೇಲೆ ಹಬ್ಬುತ್ತಲೇ ಇದೆ. ಪೊದೆ ಆಗುತ್ತಿಲ್ಲ.
(ಓದುಗರೊಬ್ಬರು, ಶಿರಸಿ)

ನೀವು ತಂದದ್ದು ಹಬ್ಬುವ ಕುಡಿ, ಆದ್ದರಿಂದ ಹಬ್ಬುತ್ತಿದೆ. ಮೆಣಸಿನಲ್ಲಿ ಕಡ್ಡಿ ಗಿಡದ ಯಾವ ಭಾಗದಿಂದ ಬಂತು ಎಂಬುದನ್ನು ಗಿಡ ಮರೆಯುವುದೇ ಇಲ್ಲ. ಬುಡದಿಂದ ಹೊರಟು ನೆಲದಲ್ಲಿ ಹರಿಯುವ ಕುಡಿಯನ್ನು ನೆಟ್ಟರೆ ಮರ ಹತ್ತುವ ಬಳ್ಳಿ. ಗೆರೆ, ಅಂದರೆ ಕಾಳು ಕಟ್ಟುವ ತೆನೆ, ಬಿಡುವ ಅಡ್ಡ ರೆಂಬೆಯನ್ನು ನೆಟ್ಟರೆ ಅದು ಹತ್ತುವುದಿಲ್ಲ, ಪೊದೆಯಾಗಿ ಕುಂಡದಲ್ಲೇ ಗೆರೆ ಬಿಡುತ್ತದೆ. ಕಷ್ಟವೆಂದರೆ ಅಡ್ಡ ರೆಂಬೆ ಸುಲಭಕ್ಕೆ ಬೇರು ಬಿಡುವುದಿಲ್ಲ. ಐಬಿಎ ಹಚ್ಚಿ, ಪ್ಲಾಸ್ಟಿಕ್ ಕವರಿನಲ್ಲಿ ಮುಚ್ಚಿ, ನಾಲ್ಕು ಹಿಡಿಯಲೆಂದು ಹತ್ತು ನೆಡಬೇಕು.

ತೋಟಕ್ಕೂ ಗಿಡ ಬೇಕಿದ್ದರೆ ನೆಲದಲ್ಲಿ ಹರಿಯುವ ಕುಡಿಗಳನ್ನು ಮಣ್ಣಿಗೆ ತಾಗಿ ಬೇರು ಬಿಡದಂತೆ ಬಳ್ಳಿಯ ಬುಡದಲ್ಲಿ ಊರಿದ ಗೂಟಕ್ಕೆ ಸುತ್ತಿಡಿ. ಫೆಬ್ರವರಿ, ಮಾರ್ಚಿನಲ್ಲಿ ಕತ್ತರಿಸಿ, ತೀರಾ ಎಳೆಯ ತುದಿ, ತೀರಾ ಬಲಿತ ಬುಡ ಬಿಟ್ಟು ನಡುವಿನದನ್ನು ಎರಡು ಮೂರು ಗೆಣ್ಣಿನ ತುಂಡು ಮಾಡಿ ಎಲೆ ತೆಗೆದು ಮಣ್ಣು ತುಂಬಿದ ಕವರಿನಲ್ಲಿ ನೆಟ್ಟರೆ ಮಳೆ ಬರುವ ಹೊತ್ತಿಗೆ ನೆಡಲು ತಯಾರು. ಮಣ್ಣಿಗೆ ಟ್ರೈಕೋಡರ್ಮಾ ಎಂಬ, ರೋಗ ತರುವ ಶಿಲೀಂಧ್ರಗಳನ್ನು ತಡೆಯುವ ಉಪಕಾರಿ ಶಿಲೀಂಧ್ರ ಬೆರೆಸಿ. ಸೊರಗು ರೋಗ ಬಂದ ತೋಟದಿಂದ, ಎಷ್ಟೇ ಆಪ್ತರದಾಗಲಿ, ಕುಡಿ ತರಬೇಡಿ.

ಸಂಪಿಗೆ, ಕರಿಬೇವು, ನುಗ್ಗೆ, ಸೀಬೆ: ಇವೆಲ್ಲ ಕಡ್ಡಿಯಿಂದ ಬರುತ್ತವೆಯೇ?
(ಓದುಗರೊಬ್ಬರು, ತುಮಕೂರು)

ನುಗ್ಗೆ ಬರುತ್ತದೆ, ಪೆನ್ಸಿಲ್ ಕಡ್ಡಿಯಲ್ಲ, ಮುಂಗೈ ದಪ್ಪದ ಮೂರರಿಂದ ಐದು ಅಡಿಯ ಕೊಂಬೆಯನ್ನೇ ನೀರು ನಿಲ್ಲದ ಜಾಗದಲ್ಲಿ ಊರಿ. ಕರಿಬೇವಿನ ಬುಡದ ಸುತ್ತ ಬೇರಿನಿಂದಲೇ ಮರಿಗಳು ಏಳುತ್ತವೆ, ಮಳೆಗಾಲದಲ್ಲಿ ಬೇರು ಸಮೇತ ಬಿಡಿಸಿ ನೆಡುವುದು ಸಲೀಸು. ಸಂಪಿಗೆ ಕಡ್ಡಿ ಹಿಡಿಯುವುದು ಬಲು ಕಷ್ಟ, ಬೇಗ ಹೂ ಬೇಕಿದ್ದರೆ ಕಸಿ ಗಿಡ ಕೊಳ್ಳಿ. ಸೀಬೆಗೆ ಗೂಟಿ ಕಟ್ಟಿ: ಮಳೆಗಾಲದಲ್ಲಿ ಪೆನ್ಸಿಲ್ ದಪ್ಪದ ಟೊಂಗೆಯ ಮೇಲೆ ಒಂದಿಂಚು ಅಗಲಕ್ಕೆ ಸುತ್ತಲೂ ತೊಗಟೆ ತೆಗೆದು, ಒದ್ದೆ ಕೋಕೋಪೀಟ್ ಮೆತ್ತಿ, ಪ್ಲಾಸ್ಟಿಕ್ ಸುತ್ತಿ ಎರಡು ತುದಿ ಬಿಗಿಯಾಗಿ ಕಟ್ಟಿ. ತಾಯಿಗಿಡದಿಂದ ನೀರು ಬರುತ್ತಲೇ ಇರುವುದರಿಂದ ಇಲ್ಲಿ ಒಣಗುವ ಭಯವಿಲ್ಲ. ಪ್ಲಾಸ್ಟಿಕ್ಕಿನೊಳಗೆ ಬೇರು ತುಂಬಿ ಕಂಡಾಗ ಕಟ್ಟಿನ ಕೆಳಗೆ ಕತ್ತರಿಸಿ, ಎಲೆ ಅರ್ಧಕ್ಕರ್ಧ ಕಡಿಮೆ ಮಾಡಿ ಕುಂಡಕ್ಕೆ ಹಾಕಿ.