ಕಾಫಿ ದರಪಟ್ಟಿಯ ‘ಪಾರ್ಚ್‌ಮೆಂಟ್’, ಕಾನೂನಿನ ‘ಪಾರ್ಚ್‌ಮೆಂಟ್’ ಎರಡೂ ಒಂದೇನಾ?

ಅಲ್ಲ. ಕಾನೂನಿನಲ್ಲಿ ಅದು ಸಂಸ್ಕರಿಸಿ ಬರೆಯಲು ಬಳಸುತ್ತಿದ್ದ ಪ್ರಾಣಿ ಚರ್ಮ. ಬ್ರಿಟನ್ ಸಂಸತ್ತು ತನ್ನ ಕಾಯ್ದೆಗಳ ದಾಖಲೆ ಪ್ರತಿಯನ್ನು 2017ರವರೆಗೂ ಕರುವಿನ ಚರ್ಮದ ಮೇಲೇ ಮುದ್ರಿಸುತ್ತಿತ್ತು! ನಮ್ಮ ಕ್ರಯಪತ್ರಕ್ಕೆ ಕಾಗದವೇ ಗತಿ.

ಕೊಡಗಿನಲ್ಲಿ ಕೇಳುವುದು ವ್ಯಾಪಾರದ ಅರ್ಥ. ಹಣ್ಣನ್ನು ಸಿಪ್ಪೆ ಸುಲಿಯುವ ಯಂತ್ರವಾದ ಪಲ್ಪರ್‌ಗೆ ಹಾಕಿ, ಲೋಳೆ ತೊಳೆದು, ಕಣದಲ್ಲಿ ಒಣಗಿಸಿದರೆ ಬೀಜದ ಮೇಲೆ ತೆಳು ಹಳದಿ ಹೊಟ್ಟು ಉಳಿಯುತ್ತದೆ. ಬೆರಳಲ್ಲಿ ಹಿಸುಕಿದರೆ ಚರಚರ ಎನ್ನುತ್ತದೆ. ಹೊಟ್ಟಿನ ಸಮೇತ ಮಾರುವ ಆ ಕಾಫಿಯೇ ಪಾರ್ಚ್‌ಮೆಂಟ್. ಹಣ್ಣನ್ನು ಇಡಿಯಾಗಿ ಒಣಗಿಸಿದರೆ ಚೆರ್ರಿ. ಎರಡಕ್ಕೂ ದರ 50 ಕೆ.ಜಿ. ಚೀಲದ ಲೆಕ್ಕದಲ್ಲಿ. ಆದರೆ ಹೊಟ್ಟು ತೆಗೆದ ಮೇಲೆ ಪಾರ್ಚ್‌ಮೆಂಟ್ ಚೀಲದಲ್ಲಿ ಸುಮಾರು 40 ಕೆ.ಜಿ. ಬೇಳೆ, ಅಂದರೆ ಬರಿಯ ಬೀಜ ಸಿಕ್ಕರೆ, ಚೆರ್ರಿಯಲ್ಲಿ ಸಿಗುವುದು ಚೀಲದ ತೂಕದ ಹೆಚ್ಚುಕಮ್ಮಿ ಅರ್ಧ. ದರಪಟ್ಟಿಯಲ್ಲಿ ಎರಡರ ನಡುವೆ ಅಷ್ಟು ಅಂತರ ಕಾಣಲು ಇದೂ ಒಂದು ಕಾರಣ. ಸುಮ್ಮನೆ ‘ಕಾಫಿ ರೇಟ್ ಎಷ್ಟು’ ಎಂದು ಕೇಳಿದರೆ ಉತ್ತರ ಸಿಗದು.

ಸಸ್ಯಶಾಸ್ತ್ರದವರಿಗೆ ಇದೇ ಹೊಟ್ಟು ಎಂಡೋಕಾರ್ಪ್, ಅಂದರೆ ಹಣ್ಣಿನ ಒಳಗೋಡೆ. ಅದರಡಿಯ ಬೆಳ್ಳಿಬಣ್ಣದ ಪೊರೆ ಬೇರೆ; ಅದು ಬೀಜದ್ದೇ ಸಿಪ್ಪೆ.

ಬೇಕರಿಯ ಪಾರ್ಚ್‌ಮೆಂಟ್ ಪೇಪರ್ ಇವೆರಡೂ ಅಲ್ಲ, ಸಾಮಾನ್ಯವಾಗಿ ಸಲ್ಫ್ಯೂರಿಕ್ ಆಮ್ಲದಲ್ಲಿ ಸಂಸ್ಕರಿಸಿದ ಕಾಗದ.