ಸೆಸ್ಕ್‌ (ಮೈಸೂರು, ಮಂಡ್ಯ ಭಾಗದ ವಿದ್ಯುತ್ ಸರಬರಾಜು ಕಂಪನಿ) ವ್ಯಾಪ್ತಿಯ ಸೋಲಾರ್‌ಗೆ ಪಿಂಚಣಿ ನಿಧಿಯಂಥವರು 25 ವರ್ಷಕ್ಕೆ ದುಡ್ಡು ಹಾಕುವ ಮುನ್ನ ಏನು ನೋಡುತ್ತಾರೆ?

ಬಿಸಿಲನ್ನಲ್ಲ, ಮೊದಲು ಬಿಲ್ಲು ಯಾರು ಕಟ್ಟುತ್ತಾರೆ ಅನ್ನುವುದನ್ನು.

ಮಂಡ್ಯ ಕಡೆ ರೈತರ ಪಂಪ್‌ಸೆಟ್‌ಗೆ ಸೋಲಾರ್ ಕರೆಂಟು ಕೊಡುವ ಕೇಂದ್ರದ ಕುಸುಮ್-ಸಿ ಯೋಜನೆಯ ಲೆಕ್ಕ ಹಿಡಿಯಿರಿ. ಸಬ್‌ಸ್ಟೇಷನ್ ಪಕ್ಕ ಒಂದು ಮೆಗಾವ್ಯಾಟ್‌ಗೆ ನಾಲ್ಕೈದು ಎಕರೆ ಜಾಗ, ಹಗಲು ಹೊತ್ತು ಪಂಪ್‌ಸೆಟ್ ಫೀಡರ್‌ಗೆ (ಸಬ್‌ಸ್ಟೇಷನ್‌ನಿಂದ ಪಂಪ್‌ಸೆಟ್‌ಗಳಿಗೆ ಹೋಗುವ ಲೈನ್) ಕರೆಂಟು, ಸೆಸ್ಕ್‌ ಜೊತೆ 25 ವರ್ಷದ ಖರೀದಿ ಒಪ್ಪಂದ. ಶೇ 19ರ ಬಳಕೆ ಪ್ರಮಾಣದಲ್ಲಿ (ವರ್ಷವಿಡೀ ಪೂರ್ತಿ ಸಾಮರ್ಥ್ಯದಲ್ಲಿ ಓಡಿದರೆ ಬರುವುದರಲ್ಲಿ ಶೇ 19) ಒಂದು ಮೆಗಾವ್ಯಾಟ್‌ಗೆ ವರ್ಷಕ್ಕೆ ಸುಮಾರು 16.6 ಲಕ್ಷ ಯೂನಿಟ್. ಆದರೆ 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಕರೆಂಟು ಉಚಿತ, ಆ ದುಡ್ಡು ಸರ್ಕಾರದ ಸಬ್ಸಿಡಿಯಿಂದ ಬರಬೇಕು. ಅದು ತಡವಾದರೆ ಉತ್ಪಾದಕನ ಬಿಲ್ಲೂ ತಡ, ಸಾಲದ ಕಂತೂ ತಡ. ಹಾಗಾಗಿ ಒಪ್ಪಂದದಲ್ಲಿ ಬ್ಯಾಂಕಿನ ಲೆಟರ್ ಆಫ್ ಕ್ರೆಡಿಟ್ (ಸೆಸ್ಕ್ ಕಟ್ಟದಿದ್ದರೆ ಬ್ಯಾಂಕ್ ಕಟ್ಟುವ ಖಾತರಿ) ಇದೆಯೇ, ತಡಪಾವತಿಗೆ ಸರ್‌ಚಾರ್ಜ್ ಇದೆಯೇ ನೋಡಿ. ಹಳೆಯ ಬಾಕಿ ಎಷ್ಟು ತಿಂಗಳದ್ದು ಅನ್ನುವುದೂ ಮುಖ್ಯ. ನನ್ನ ಪ್ರಕಾರ ದರಕ್ಕಿಂತಲೂ ಮುಖ್ಯ.

ಜನ ಮರೆಯುವುದು ಫೀಡರನ್ನು. 11 ಕೆವಿ ಲೈನ್ ಟ್ರಿಪ್ ಆದರೆ ಪ್ಯಾನಲ್‌ನ ಕರೆಂಟನ್ನು ಲೈನ್‌ಗೆ ಹೊಂದುವಂತೆ ಬದಲಿಸುವ ಇನ್ವರ್ಟರ್ ತಾನೇ ಬಂದ್ ಆಗುತ್ತದೆ, ಎಷ್ಟೇ ಬಿಸಿಲಿದ್ದರೂ. ಲೈನ್‌ಮನ್ ಸುರಕ್ಷತೆಗೆ ಅದು ಬೇಕೇ ಬೇಕು, ಆದರೆ ಆ ಯೂನಿಟ್ ಹೋದದ್ದೇ. ಫೀಡರ್ ನಿಲುಗಡೆಯ ಹಿಂದಿನ ದಾಖಲೆ ಕೇಳಿ ಪಡೆಯಿರಿ. ನಿಂತ ಗಂಟೆಗೆ ಪರಿಹಾರದ ಷರತ್ತು ಇದೆಯೇ ಓದಿ.

ಉಳಿದದ್ದು ಮಾಮೂಲಿ: ಪ್ಯಾನಲ್ ಸವಕಳಿ ವರ್ಷಕ್ಕೆ ಅರ್ಧ ಶೇಕಡಾ ಆಸುಪಾಸು, 10-12 ವರ್ಷಕ್ಕೆ ಇನ್ವರ್ಟರ್ ಬದಲಾವಣೆಗೆ ಬೇರೆ ಹಣ, ಪಹಣಿಯಲ್ಲಿ ತಕರಾರಿಲ್ಲದ ಜಮೀನು.

ಇಂಥ ನಿಧಿಗಳು ಸಾಮಾನ್ಯವಾಗಿ ಕಟ್ಟುವ ಹಂತದಲ್ಲಿ ಬರುವುದಿಲ್ಲ. ಘಟಕ ಒಂದೆರಡು ವರ್ಷ ಓಡಿ, ಬಿಲ್ಲು ಪಾವತಿಯ ದಾಖಲೆ ಸಿಕ್ಕ ಮೇಲೆ ಬಾಂಡ್ ಅಥವಾ ಇನ್ವಿಟ್ (ಹಲವು ಹೂಡಿಕೆದಾರರ ಹಣ ಸೇರಿಸಿ ಓಡುತ್ತಿರುವ ಮೂಲಸೌಕರ್ಯ ಘಟಕಗಳಲ್ಲಿ ಹಾಕುವ ಟ್ರಸ್ಟ್) ಮೂಲಕ ಬರುತ್ತವೆ. ಅದೂ ಒಂದೆರಡು ಮೆಗಾವ್ಯಾಟ್‌ಗಲ್ಲ, ಹತ್ತಾರು ಘಟಕ ಒಟ್ಟುಗೂಡಿಸಿದರೆ.